ಹುಟ್ಟು

ಕೊನೆಯ ಫೆರಿ ಹೊರಟ ಮೇಲೆ
ಟಿಕೆಟ್ ಕಿಂಡಿಗೆ ಬೀಗ ಹಾಕಿ ದಂಡೆಗಿಳಿದರೆ
ಆಶಿಮಿನೆ ಗೆನ್‌ಸೆ ಆಗಲೇ ಬಂದು ಕೂತಿರುತ್ತಾನೆ.
ಉಗುರಿನಲ್ಲಿ ಗಜ್ಜರಿ ಹೊಲದ ಮಣ್ಣು.
ಪಕ್ಕದಲ್ಲಿ ಅವನಿಗಿಂತ ಗೇಣುದ್ದ ಹೆಚ್ಚಿರುವ ಹುಟ್ಟು,
ಮರಳಿಗೆ ತಲೆಯಿಟ್ಟು ಮಲಗಿದ ನಾಯಿಯ ಹಾಗೆ.

ಗುರುಗಳೇ ಅಂದರೆ ರೇಗುತ್ತಾನೆ.
"ಆ ಮಾತು ಕೇಳಿದರೆ ಸೊಂಟ ಹಿಡಿದುಕೊಳ್ಳುತ್ತೆ.
ಮುದುಕ ಅನ್ನು, ಸಾಕು."

ಮೊದಲ ವರ್ಷ ಪೂರ್ತಿ ಹಿಡಿಯುವುದನ್ನಷ್ಟೇ ಕಲಿಸಿದ.
ಅಲಗಿಗೆ ಎರಡು ಮುಖ: ಒಂದು ಚಪ್ಪಟೆ, ಒಂದು ಬೆನ್ನುಬ್ಬಿದ್ದು.
ಕಣ್ಣು ಮುಚ್ಚಿ ಹೇಳು, ಈಗ ಯಾವುದು ಮೇಲಿದೆ?
ತಪ್ಪು ಹೇಳಿದರೆ ಗಜ್ಜರಿ ಮೂಟೆ ಹೊರಬೇಕು.
ಸರಿ ಹೇಳಿದರೂ ಹೊರಬೇಕು,
ಬೆಳಗಿನ ಫೆರಿ ಯಾರಿಗೂ ಕಾಯುವುದಿಲ್ಲ.

ಎರಡನೆಯ ವರ್ಷ ಕೇಳಿಯೇಬಿಟ್ಟೆ:
ಈ ವಿದ್ಯೆಯ ಹುಟ್ಟು ಯಾವುದು?
ಮರದ ಅಲಗನ್ನು ಬೆರಳಿನಿಂದ ತಟ್ಟಿದ.
ಇದೇ.
ತಮಾಷೆ ಬೇಡ, ಅಂದೆ.

"ಒಬ್ಬ ದೊರೆ ಕತ್ತಿಗಳನ್ನೆಲ್ಲ ಕಸಿದುಕೊಂಡನಂತೆ.
ಆಮೇಲೆ ಸಮುದ್ರದಾಚೆಯ ಸತ್ಸುಮಾದವರು ಬಂದು
ಉಳಿದದ್ದನ್ನೂ ಬಾಚಿಕೊಂಡರಂತೆ.
ಬಡವರು ಬೆಳದಿಂಗಳಲ್ಲಿ ಕದ್ದು ಕದ್ದು
ಕುಡುಗೋಲು, ಬೀಸುಕಲ್ಲಿನ ಗೂಟ, ನೀರು ಹೊರುವ ಅಡ್ಡೆ
ತಿರುಗಿಸಿ ಕಲಿತರಂತೆ.
ಪ್ರವಾಸಿಗಳಿಗೆ ಈ ಅಂತೆಗಳೆಂದರೆ ಇಷ್ಟ.
ನೀನೇ ಹೇಳು,
ಇಡೀ ದಿನ ಕಬ್ಬು ಕಡಿದ ಕೈ
ರಾತ್ರಿ ಮತ್ತೆ ಕುಡುಗೋಲು ಎತ್ತೀತೆ?
ಕಲಿತವರು ಅರಮನೆಯ ನೌಕರರೇ ಇರಬೇಕು,
ಹೊಟ್ಟೆ ತುಂಬಿದವರು.
ಯಾರಿಗೆ ಗೊತ್ತು. ಬರೆದಿಟ್ಟದ್ದು ಏನಾದರೂ ಇದ್ದಿದ್ದರೆ
ಆ ವರ್ಷ ಶುರಿ ಕೋಟೆಯ ಜೊತೆ ಉರಿದುಹೋಗಿರುತ್ತದೆ."

ಆ ವರ್ಷ ಅಂದರೆ ಯಾವ ವರ್ಷ ಎಂದು
ಈ ದ್ವೀಪದಲ್ಲಿ ಯಾರೂ ಕೇಳುವುದಿಲ್ಲ.

ಅವನ ತಾಯಿ ನಾಬೆ. ಹೆಸರಿನ ಅರ್ಥ ಗಡಿಗೆ.
ತೋಫು ಮಾಡಿ ಮಾರುತ್ತಿದ್ದವಳು.
ಗುಹೆಯಿಂದ ಹೊರಬಂದಾಗ ಮನೆಯಿದ್ದಲ್ಲಿ ಮನೆಯಿಲ್ಲ.
ಬೀಸುಕಲ್ಲು ಎರಡು ಹೋಳು.
ಗೂಟ ಮಾತ್ರ ಅದು ಹೇಗೋ ಬಾವಿಯಲ್ಲಿ ತೇಲುತ್ತಿತ್ತು.
ಎರಡು ವರ್ಷ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದಳಂತೆ,
ಕಲ್ಲಿಲ್ಲದ ಗೂಟವನ್ನು.

ಯಾರನ್ನಾದರೂ ಹೊಡೆದಳೆ?
"ನನ್ನನ್ನೇ. ಒಮ್ಮೆ.
ಅಮೆರಿಕದವರ ಉಗ್ರಾಣದಿಂದ ಮಾಂಸದ ಡಬ್ಬಿ ಕದ್ದಿದ್ದಕ್ಕೆ.
ಸಣ್ಣ ಡಬ್ಬಿ ಕದ್ದಿದ್ದಕ್ಕೆ."

ಈಗ ಮಂಡಿ ಬಗ್ಗಿಸು. ಅಲಗಿನ ತುದಿ ಮರಳಿಗೆ.
ಎದುರಾಳಿಯನ್ನು ನೋಡಬೇಡ, ಗಾಳಿ ನೋಡು.
ಕೆರೆದು ಚಿಮ್ಮು.
ಅವನ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ
ಹುಟ್ಟು ತಿರುಗಿ ಪಕ್ಕೆಗೆ ಬಿದ್ದಿರಬೇಕು.
ಗಾಳಿ ನೋಡದೆ ಚಿಮ್ಮಿ ಚಿಮ್ಮಿ
ತಿಂಗಳುಗಟ್ಟಲೆ
ನನ್ನ ಕಣ್ಣಿಗೆ ನಾನೇ ಮಣ್ಣೆರಚಿಕೊಂಡೆ.
ಮುದುಕ ನಕ್ಕ: "ಆ ಅಂತೆಗಳೂ ಹೀಗೇ."

ಹೋದ ನವೆಂಬರಿನಲ್ಲಿ ನಾಹಾದ ಸಭಾಂಗಣಕ್ಕೆ ಕರೆದರು.
ಮೇಣ ತಿಕ್ಕಿದ ಮರದ ನೆಲ, ಮುಖ ಕಾಣುವಷ್ಟು ನುಣುಪು.
ಎಂಬತ್ತಾರರ ಮುದುಕ ಮಂಡಿ ಬಗ್ಗಿಸಿ
ಇಲ್ಲದ ಗಾಳಿಯನ್ನೊಮ್ಮೆ ನೋಡಿ
ಇಲ್ಲದ ಮರಳನ್ನು ಚಿಮ್ಮಿದ.
ಮುಂದಿನ ಸಾಲಿನ ಮಗುವೊಂದು ಕಣ್ಣುಜ್ಜಿಕೊಂಡಿತು.
ಉಳಿದವರು ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಮಾತಿಲ್ಲ.
ಡೀಸೆಲ್ ಫೆರಿಯ ಕಟಕಟೆಗೆ ಕಟ್ಟಿದ್ದ ಹುಟ್ಟು
ಕೆಲಸವಿಲ್ಲದೆ ಸಮುದ್ರ ನೋಡುತ್ತ ಬಂತು.

ವಾರದ ಮೇಲೆ ಸಭಾಂಗಣದವರ ಕಾಗದ:
ಸದರಿ ಪ್ರದರ್ಶನದ ವೇಳೆ ವೇದಿಕೆಯ ನೆಲಕ್ಕೆ
ಇಪ್ಪತ್ತೆರಡು ಸೆಂಟಿಮೀಟರ್ ಉದ್ದದ ಗೀರು ಬಿದ್ದಿರುತ್ತದೆ,
ದುರಸ್ತಿಯ ಖರ್ಚು ಈ ಕೆಳಗಿನಂತೆ.

ಮೂರು ಸಲ ಓದಿಸಿಕೊಂಡ.
ಗಜ್ಜರಿ ಮಾರಿದ ದುಡ್ಡು ಎಣಿಸಿ ನನ್ನ ಕೈಗಿಟ್ಟು
ಕಾಗದ ಮಾತ್ರ ಮಡಿಸಿ ಜೇಬಿಗೆ ಸೇರಿಸಿದ.
"ನೋಡು," ಅಂದ, "ಈಗ ಬರೆದಿಟ್ಟಿದ್ದಾರೆ."